ಹಿಟ್ಟು ನಿಂತ ದಿನ

ಲಡಾಖಿನ ಹಳ್ಳಿ ಚಿಲ್ಲುಂಗಿನ ನಲ್ಲಿಗಳಲ್ಲಿ ಮೊದಲ ಸಲ ತಿಳಿನೀರು ಬಂದ ದಿನ ಹುಲಿಗೆಮ್ಮ ಊರಿಗೆಲ್ಲ ಕರದಂಟು ಹಂಚಿದಳು. ಅಪ್ಪ ಅಮೀನಗಡದಿಂದ ತಂದ ಎರಡು ಡಬ್ಬಿಯಲ್ಲಿ ಒಂದು ಆಗಲೇ ಖಾಲಿಯಾಗಿತ್ತು. ಇನ್ನೊಂದನ್ನು ಚಳಿಗಾಲಕ್ಕೆಂದು ಬಟ್ಟೆಗಳ ಅಡಿ ಬಚ್ಚಿಟ್ಟಿದ್ದಳು, ಅದನ್ನೇ ಒಡೆದಳು. ನಲವತ್ಮೂರು ಮನೆಗೆ ತಲಾ ಎರಡು ತುಂಡು. ವರ್ಷಗಟ್ಟಲೆ ಅಕ್ಕಿ ತೊಳೆದಂಥ ಬಿಳಿನೀರು ಕುಡಿದ ಜನಕ್ಕೆ ಅಷ್ಟಾದರೂ ಬೇಡವೇ?

ಊರಿಗಾಗಿ ಹಿಮ ಬೆಳೆಸಲು ಬಂದಿದ್ದ ಅವಳಿಗೆ ಮನೆಯಲ್ಲಿ ಜಾಗ ಕೊಟ್ಟಿದ್ದ ಯಾಂಗ್ಡೋಲ್ ಗಾಜಿನ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಹೊರಗಿನ ಜರ್ದಾಳು ಮರದ ಒಂದೊಂದು ಎಲೆಯೂ ನೀರೊಳಗಿಂದ ಕಾಣುತ್ತಿತ್ತು. ಐವತ್ತು ದಾಟಿದ ಈ ಹೆಂಗಸು ನಕ್ಕರೆ ಕಣ್ಣೆರಡೂ ಮುಚ್ಚಿಯೇ ಹೋಗುತ್ತಿದ್ದವು.

"ಕೊನೆಗೂ ನಿನ್ನ ಹಿಮ ಮುಖ ತೊಳ್ಕೊಂಡಿತು," ಅಂದಳು.

ಒಲೆಯ ಪಕ್ಕ ಕಾಲು ಚಾಚಿ ಕೂತಿದ್ದ ಯಮನಪ್ಪ, ಅಂದರೆ ಹುಲಿಗೆಮ್ಮನ ಅಪ್ಪ, ಆ ಲೋಟ ಇಸಿದುಕೊಂಡ. ಒಂದು ಗುಟುಕು ಬಾಯಿಗೆ ಹಾಕಿ ಆಚೆ ಈಚೆ ಆಡಿಸಿ ನುಂಗಿದ. ತಳಕ್ಕೆ ಬೆರಳು ಹಾಕಿ ತೆಗೆದು ಹೆಬ್ಬೆರಳಿಗೆ ಉಜ್ಜಿ ನೋಡಿದ.

"ಹುಲಿಗಿ, ಹಿಟ್ಟು ಎಲ್ಲಿ ಹೋತು?"

"ಯಾವ ಹಿಟ್ಟಪಾ?"

"ಇಷ್ಟ ದಿನ ನೀರಾಗ ಬರತಿತ್ತಲ್ಲ, ಕಲ್ಲಿನ ಹಿಟ್ಟು. ಅದು."

"ನಿಂತೈತಿ. ಛಲೋ ಆತಲ್ಲ. ನೀ ಸುಮ್ಕ ಕರದಂಟು ತಿನ್ನು."

ಅವನು ತಿಂದ. ಆದರೆ ಸುಮ್ಮನಾಗಲಿಲ್ಲ, ಸುಮ್ಮನಾಗುವ ಜಾತಿಯೇ ಅಲ್ಲ ಅವನದು. "ಬೀಸಾಕತ್ತಿದ್ದ ಕಲ್ಲು ಒಮ್ಮಿಗಲೆ ಹಿಟ್ಟು ಬಿಡೂದು ನಿಲ್ಲಿಸಿದ್ರ ಅದಕ್ಕೊಂದು ಕಾರಣ ಇರತೈತಿ ನೋಡು," ಅಂದ. ಮಗಳು ಕೇಳಿಸಿಕೊಳ್ಳಲಿಲ್ಲ. ಬೂಟು ಏರಿಸಿಕೊಂಡು ಕಂಟ್ರೋಲ್ ರೂಮಿನ ದಾರಿ ಹಿಡಿದಳು.

ಈ ಯಮನಪ್ಪನ ಬಗ್ಗೆ ಎರಡು ಮಾತು ಹೇಳಲೇಬೇಕು. ಇಳಕಲ್ಲಿನ ಕಡೆ ಬೀಸುವ ಕಲ್ಲು ಕಟಿಯುವುದು ಅವನ ಕಸುಬು. ಬೀಸಿ ಬೀಸಿ ಕಲ್ಲಿನ ಮುಖ ನುಣುಪಾದರೆ ಕಾಳು ಜಾರುತ್ತದೆಯೇ ಹೊರತು ನುರಿಯುವುದಿಲ್ಲ. ಆಗ ಉಳಿ ಸುತ್ತಿಗೆ ಹಿಡಿದು ಕಲ್ಲಿನ ಮೈತುಂಬ ಚುಕ್ಕಿ ಚುಕ್ಕಿಯಾಗಿ ಏಟು ಹಾಕಿ ಮತ್ತೆ ಒರಟು ಮಾಡಬೇಕು. "ಕಲ್ಲು ಕಟಿಯೋದೈತೇನ್ರೆವ್ವಾ" ಎಂದು ಓಣಿ ಓಣಿ ಕೂಗುತ್ತ ಅವನು ಅರ್ಧ ಆಯುಷ್ಯ ಕಳೆದ. ಮನೆಮನೆಗೂ ಮಿಕ್ಸಿ ಬಂದು ಕಸುಬು ಸತ್ತಾಗಲೂ ಉಳಿ ಬಿಡಲಿಲ್ಲ, ಕ್ವಾರಿಗೆ ಹೋದ, ಮಗಳನ್ನು ಓದಿಸಿದ. ಮಗಳು ಹಿಮನದಿಗಳ ವಿಜ್ಞಾನಿಯಾದಳು. ಹೆಂಡತಿ ತೀರಿಕೊಂಡ ಮೇಲೆ ಮಗಳೇ ಬಂದು ಅವನನ್ನು ಲಡಾಖಿಗೆ ಕರೆತಂದಿದ್ದಳು. ಎಪ್ಪತ್ತೊಂದರ ಮುದುಕ ಬಂದ ವಾರಕ್ಕೇ ಊರಿನ ಅಚ್ಚುಮೆಚ್ಚಾದ. ಅಲ್ಲಿನವರು ಮರ್ಯಾದೆಗೆಂದು ಎಲ್ಲ ಮಾತಿನ ಕೊನೆಗೂ 'ಲೇ' ಸೇರಿಸುತ್ತಾರೆ. "ನಮ್ಮೂರಾಗ ಹಂಗಂದ್ರ ಬಡದಾಡತಾರ, ಇಲ್ಲಿ ಕೈ ಮುಗಿದು ಲೇ ಅಂತಾರಲ್ಲವಾ," ಎಂದು ಅವನು ನಕ್ಕು ನಕ್ಕು ಸುಸ್ತಾಗಿದ್ದ. ಯಾಂಗ್ಡೋಲಳ ಜೊತೆ ಅವನು ಆಡುತ್ತಿದ್ದುದು ಕ್ವಾರಿಯಲ್ಲಿ ಕಲಿತ ಹರಕುಮುರುಕು ಹಿಂದಿ, ಅವಳದೂ ಅಷ್ಟಕ್ಕಷ್ಟೇ. ಇಬ್ಬರಿಗೂ ಅದು ಧಾರಾಳ ಸಾಕಾಗುತ್ತಿತ್ತು.

ಇನ್ನು ಆ ಹಿಮದ ವಿಷಯ. ಈ ಶತಮಾನದ ಅರ್ಧ ಕಳೆಯುವಷ್ಟರಲ್ಲಿ ಆ ಸೀಮೆಯ ಹಳೆಯ ಹಿಮನದಿಗಳು ಒಂದೊಂದಾಗಿ ಕರಗಿ ಹೋದವು, ಊರುಗಳು ಖಾಲಿಯಾದವು. ಆಗ ಒಂದು ಪ್ರಶ್ನೆ ಎದ್ದಿತು: ಸಾವಿರಾರು ವರ್ಷದಲ್ಲಿ ಆಗುವ ಹಿಮನದಿಯನ್ನು ಹತ್ತೇ ವರ್ಷದಲ್ಲಿ ಬೆಳೆಸಿದರೆ ಹೇಗೆ? ಉತ್ತರವಾಗಿ ಬಂದದ್ದು ಹಿಮಬೀಜ ಎಂಬ ಪುಡಿ. ಚಳಿಗಾಲದಲ್ಲಿ ಸುಮ್ಮನೆ ಹರಿದು ಹೋಗುವ ನೀರಿಗೆ ಅದನ್ನು ಬೆರೆಸಿ, ಬಿಸಿಲಿನ ಕರೆಂಟಿನಿಂದ ಮೇಲಕ್ಕೆ ಪಂಪು ಮಾಡಿ ಗಾಳಿಗೆ ಚಿಮ್ಮಿಸಿದರೆ, ಸೊನ್ನೆಗಿಂತ ಎರಡೇ ಡಿಗ್ರಿ ಕೆಳಗೂ ನೀರು ತಕ್ಷಣ ಹೆಪ್ಪುಗಟ್ಟಿ ಬೀಳುತ್ತದೆ. ಚಿಲ್ಲುಂಗಿನ ಮೇಲೆ, ಸತ್ತುಹೋದ ಹಳೆಯ ಹಿಮನದಿ ಬೆಟ್ಟದೊಳಗೆ ಕೊರೆದು ಬಿಟ್ಟುಹೋದ ಒಂದು ದೊಡ್ಡ ಬೋಗುಣಿ ಇತ್ತು. ಹುಲಿಗೆಮ್ಮ ಹನ್ನೆರಡು ಚಳಿಗಾಲ ಅದನ್ನು ತುಂಬಿಸಿದಳು. ಈಗ ಅಲ್ಲಿ ಹಿಮದ ದಪ್ಪ ನೂರ ಹದಿನೆಂಟು ಮೀಟರ್. ಊರಿನವರು ಅದಕ್ಕೆ 'ನೋನೋ' ಎಂದು ಹೆಸರಿಟ್ಟಿದ್ದರು, ಅಂದರೆ ತಮ್ಮ.

ಹಿಮ ಮೂವತ್ತು ನಲವತ್ತು ಮೀಟರ್ ದಾಟಿದರೆ ಗಟ್ಟಿಯಾಗಿ ಕೂತಲ್ಲೇ ಕೂರುವುದಿಲ್ಲ. ತನ್ನ ತೂಕಕ್ಕೆ ತಾನೇ ಮಣಿದು, ನಾದಿದ ಹಿಟ್ಟಿನ ಮುದ್ದೆಯ ಹಾಗೆ ಇಳಿಜಾರಿಗೆ ಸರಿಯುತ್ತದೆ. ಸರಿಯುವಾಗ ಅಡಿಗೆ ಸಿಕ್ಕ ಕಲ್ಲನ್ನು ಕಿತ್ತು, ಆ ಕಲ್ಲಿನಿಂದಲೇ ನೆಲವನ್ನು ಉಜ್ಜುತ್ತದೆ. ನದಿ ಕೊರೆದ ಕಣಿವೆ ಕೊಡಲಿ ಏಟಿನಂತೆ ಚೂಪಾಗಿದ್ದರೆ ಹಿಮ ಕೊರೆದದ್ದು ದನದ ಬಾನಿಯಂತೆ ಅಗಲ, ತಳ ಗುಂಡಗೆ. ಹಿಮಾಲಯದ ಅರ್ಧ ರೂಪ ಹೀಗೇ ಆದದ್ದು. ಉಜ್ಜಿದ ಕಲ್ಲು ನುಣ್ಣನೆಯ ಹಿಟ್ಟಾಗಿ ನೀರಿನಲ್ಲಿ ಬರುತ್ತದೆ, ನೀರು ಬೆಳ್ಳಗಾಗುತ್ತದೆ. ಇದು ಹುಲಿಗೆಮ್ಮ ಕಾಲೇಜು ಮಕ್ಕಳಿಗೆ ನಿದ್ದೆಗಣ್ಣಿನಲ್ಲೂ ಪಾಠ ಮಾಡಬಲ್ಲ ಸಂಗತಿ. ಅಷ್ಟು ಗೊತ್ತಿದ್ದವಳು ಕರದಂಟು ಹಂಚಿದಳು ಅನ್ನುವುದೇ ನನಗೆ ಇವತ್ತಿಗೂ ಅರ್ಥವಾಗದ ಮಾತು.

ಕಂಟ್ರೋಲ್ ರೂಮಿನಲ್ಲಿ ಮುರ್ತಜಾ ಒಬ್ಬನೇ ಇದ್ದ. ಕಾರ್ಗಿಲ್ ಕಡೆಯ ಎಂಜಿನಿಯರ್. ಹನ್ನೆರಡು ವರ್ಷವೂ ಅವಳ ಜೊತೆ ದುಡಿದವನು, ಒಂದು ವಿಷಯಕ್ಕೆ ಹನ್ನೆರಡು ವರ್ಷವೂ ಮುನಿಸು ಇಟ್ಟುಕೊಂಡವನು. ಅವನ ಅಜ್ಜನ ಕಾಲದಲ್ಲಿ ಹಿಮನದಿಗೆ ಮದುವೆ ಮಾಡುತ್ತಿದ್ದರು. ಬಿಳಿಯ ಹಿಮ ಹೆಣ್ಣು. ಕಲ್ಲುಮಣ್ಣು ಬೆರೆತ ಕರಿಯ ಹಿಮ ಗಂಡು. ಎರಡನ್ನೂ ಹೊತ್ತು ತಂದು ಒಂದೆಡೆ ಹೂತರೆ ಹೊಸ ಹಿಮನದಿ ಹುಟ್ಟುತ್ತದೆಂದು ನಂಬಿಕೆ. ಹೊತ್ತವರು ದಾರಿಯಲ್ಲಿ ಮಾತಾಡುವಂತಿಲ್ಲ, ಹೊರೆ ನೆಲಕ್ಕೆ ತಾಗುವಂತಿಲ್ಲ. ತಾಗಿದಲ್ಲೇ ಹಿಮ ಬೇರೂರಿಬಿಡುತ್ತದೆ. ಬೋಗುಣಿಯ ತಳಕ್ಕೆ ಮೊದಲು ಗಂಡುಹಿಮದ ಕಲ್ಲು ಹಾಸೋಣ ಎಂದು ಮುರ್ತಜಾ ಆಗ ಕೇಳಿಕೊಂಡಿದ್ದ. ಕರಿಕಲ್ಲು ಬಿಸಿಲು ಕುಡಿದು ಹಿಮ ಕರಗಿಸುತ್ತದೆ ಎಂದು ಹುಲಿಗೆಮ್ಮ ಬೇಡವೆಂದಳು. ಹಳೆಯ ಹಿಮನದಿ ಉಜ್ಜಿ ಉಜ್ಜಿ ಕನ್ನಡಿ ಮಾಡಿಟ್ಟ ತಳ ಅವಳಿಗೆ ತುಂಬ ಇಷ್ಟವಾಗಿತ್ತು. ಸೆನ್ಸರ್ ಕೂರಿಸುವುದು ಸುಲಭ ಎಂದು ಬೋಗುಣಿಯ ಅತ್ಯಂತ ನುಣುಪಾದ ಭಾಗವನ್ನೇ ಆರಿಸಿದ್ದಳು.

"ನೀರು ತಿಳಿಯಾಗಿದೆ, ಸರಿ," ಅಂದ ಮುರ್ತಜಾ. "ಆದ್ರೆ ಕಡಿಮೆಯಾಗಿದೆ ಮೇಡಂ. ವಾರದಲ್ಲಿ ಮೂರರಲ್ಲಿ ಒಂದು ಪಾಲು."

"ವಾರದಿಂದ ಮೋಡ ಇದೆಯಲ್ಲ. ಕರಗುವುದೂ ಕಡಿಮೆ."

"ತಳದ ಸೆನ್ಸರ್‌ಗಳಲ್ಲೂ ಸದ್ದಿಲ್ಲ. ಕರಕರ ಅಂತ ಇರ್ತಿದ್ದವು. ಈಗ ಏನೂ ಇಲ್ಲ."

"ಹಿಮ ನಿಂತಿರಬಹುದು. ಒಳ್ಳೆಯದೇ ಅಲ್ಲವಾ?"

ಮುರ್ತಜಾ ಪರದೆಯನ್ನು ಅವಳ ಕಡೆ ತಿರುಗಿಸಿದ. ಪರದೆಯ ಮೇಲೆ ಹನ್ನೆರಡು ಗೆರೆಗಳು ಸ್ಕೇಲು ಇಟ್ಟು ಎಳೆದಂತೆ ಮಲಗಿದ್ದವು.

ಮಧ್ಯಾಹ್ನ ಯಾಂಗ್ಡೋಲಳ ಫೋನು ಬಂತು. "ನಿಮ್ಮಪ್ಪ ನನ್ನ ಗಿರಣಿಯಲ್ಲಿ ಕೂತಿದ್ದಾರೆ. ನೀನು ಬರುವ ತನಕ ಊಟ ಮುಟ್ಟಲ್ಲ ಅಂತಿದ್ದಾರೆ."

ಯಾಂಗ್ಡೋಲಳ ಗಿರಣಿಯೆಂದರೆ ಕಾಲುವೆಯ ಮೇಲೆ ಕಲ್ಲಿನ ಒಂದು ಗುಬ್ಬಚ್ಚಿ ಗೂಡು. ಅಡಿಯಲ್ಲಿ ನೀರಿಗೆ ತಿರುಗುವ ಚಕ್ರ, ಮೇಲೆ ಬೀಸುವ ಎರಡು ಕಲ್ಲು, ಹುರಿದ ಬಾರ್ಲಿ ಸುರಿಯುವ ಬುಟ್ಟಿ. ಮೂರು ದಿನದ ಹಿಂದಷ್ಟೇ ಯಮನಪ್ಪ ಆ ಕಲ್ಲುಗಳನ್ನು ಕಟಿದುಕೊಟ್ಟಿದ್ದ. ಮೀಸೆಯೆಲ್ಲ ಹಿಟ್ಟಾಗಿ ಕೂತಿದ್ದವನು ಮಗಳ ಮುಖ ನೋಡದೆ ಹೇಳಿದ:

"ಕೇಳಿಲ್ಲೆ. ಈಗ ಹೆಂಗ ಸದ್ದು ಬರಾಕತ್ತೈತಿ?"

"ಗರಗರ ಅನ್ನಾಕತ್ತೈತಿ."

"ಹಿಟ್ಟು?"

"ಬರಾಕತ್ತೈತಿ."

ಅವನು ಮೂಲೆಯ ಸನ್ನೆಕೋಲನ್ನು ಒತ್ತಿದ. ಮೇಲ್ಗಲ್ಲು ಒಂದು ದಾರದೆಳೆಯಷ್ಟು ಮೇಲೆದ್ದಿತು. ಗರಗರ ಸದ್ದು ಥಟ್ಟನೆ ನಿಂತಿತು. ಕಲ್ಲು ಮಾತ್ರ ನಿಲ್ಲಲಿಲ್ಲ. ಭಾರ ಕಳೆದುಕೊಂಡು, ಮೊದಲಿಗಿಂತ ಎರಡರಷ್ಟು ಜೋರಾಗಿ, ಸದ್ದೇ ಇಲ್ಲದೆ ಸುತ್ತತೊಡಗಿತು. ಅಂಚಿನಿಂದ ಉದುರುತ್ತಿದ್ದ ಹಿಟ್ಟು ನಿಂತೇ ಹೋಯಿತು.

"ಹಿಟ್ಟು ನಿಂತ್ರ ಕಲ್ಲು ನಿಂತೈತಿ ಅಂತ ತಿಳಕೊಂಡಿ ನೀ," ಅಂದ ಯಮನಪ್ಪ. "ಕಲ್ಲು ನಿಂತಿಲ್ಲವಾ. ಮೇಲೆದ್ದೈತಿ."

ಹುಲಿಗೆಮ್ಮ ಸುತ್ತುವ ಕಲ್ಲನ್ನೇ ನೋಡಿದಳು. ಸದ್ದಿಲ್ಲದ ಸೆನ್ಸರ್, ಕಡಿಮೆಯಾದ ನೀರು, ತಿಳಿಯಾದ ನೀರು. ಮೂರೂ ಒಂದೇ ಮಾತು ಹೇಳುತ್ತಿದ್ದವು. ಹಿಮಬೀಜದಿಂದಾದ ಹಿಮ ಎಂದೂ ಆಳಕ್ಕೆ ತಣ್ಣಗಾದದ್ದಲ್ಲ. ಅದರ ತಳ ಸದಾ ಒದ್ದೆ. ಆ ನೀರು ಹೊರಬರುವ ದಾರಿ ಎಲ್ಲೋ ಹಿಮದ ಭಾರಕ್ಕೆ ಮುಚ್ಚಿಹೋಗಿ, ನೀರೆಲ್ಲ ಅಡಿಯಲ್ಲೇ ತುಂಬಿ ಹಿಮದ ಭಾರವನ್ನು ಎತ್ತಿಕೊಳ್ಳುತ್ತಿದೆ. ಊರಿನವರು ಈಗ ಕುಡಿಯುತ್ತಿದ್ದುದು ಬರೀ ಮೇಲ್ಮೈಯಿಂದ ಜಾರಿದ ನೀರು. ಅದರಲ್ಲಿ ಹಿಟ್ಟು ಎಲ್ಲಿಂದ ಬರಬೇಕು?

ನುಣುಪು ಕಲ್ಲಿನ ಮೇಲೆ ಏನೂ ನಿಲ್ಲದು ಅನ್ನುವುದು ಅವಳು ಅಂಬೆಗಾಲಿಡುವಾಗ ಕಲಿತ ಪಾಠ. ಆ ಅನ್ನ ಉಂಡೇ ಬೆಳೆದವಳು ಅವಳು. ಕಲ್ಲು ಕಟಿಯುವವನ ಮಗಳಾಗಿ ಕೋಟಿಗಟ್ಟಲೆ ಟನ್ ಹಿಮವನ್ನು ಕನ್ನಡಿಯ ಮೇಲೆ ಕೂರಿಸಿದ್ದಳು. ಯಾಂಗ್ಡೋಲ್ ಏನಾಯಿತೆಂದು ಕೇಳುವಷ್ಟರಲ್ಲಿ ಮುರ್ತಜಾನಿಗೆ ಫೋನು ಹಚ್ಚಿ ಡ್ರಿಲ್ಲು ಸಿದ್ಧಮಾಡಲು ಹೇಳಿದಳು.

ಮರುದಿನ ಬೆಳಗ್ಗೆ ಅವಳೂ ಮುರ್ತಜಾನೂ ಹಿಮದ ನಡುವೆ ಬಿಸಿನೀರಿನ ಡ್ರಿಲ್ಲು ಇಳಿಸಿದರು. ಎಲ್ಲ ಸರಿಯಿದ್ದರೆ ಡ್ರಿಲ್ಲು ತಳ ಮುಟ್ಟಿದ ಕೂಡಲೇ ತೂತಿನ ನೀರು ಸರ್ರನೆ ಕೆಳಗಿಳಿದು ಹೋಗಬೇಕು. ಇಲ್ಲಿ ಉಲ್ಟಾ ಆಯಿತು. ಕೆಳಗಿನಿಂದ ನೀರು ಗುಳುಗುಳು ಏರಿ ಬಂದು, ಮೇಲ್ಮೈಗೆ ಹನ್ನೊಂದು ಮೀಟರ್ ಇರುವಾಗ ನಿಂತಿತು. ಮುರ್ತಜಾ ಟೇಪು ಇಳಿಸಿ ಮೂರು ಸಲ ಅಳೆದ. ಮೂರು ಸಲವೂ ಹನ್ನೊಂದು.

ಲೆಕ್ಕ ಬಹಳ ಸರಳ. ನೂರ ಹದಿನೆಂಟು ಮೀಟರ್ ಹಿಮ ತೇಲಲು ಅಡಿಯ ನೀರು ನೂರೆಂಟು ಮೀಟರ್ ಏರಬೇಕು. ಆಗಲೇ ನೂರೇಳು ಏರಿತ್ತು. ಕಾಲುವೆಗೆ ಬಾರದೆ ಉಳಿದ ನೀರಿನ ಲೆಕ್ಕ ಹಾಕಿದರೆ ಅದು ದಿನಕ್ಕೆ ಅರ್ಧ ಮೀಟರ್ ಏರುತ್ತಿತ್ತು.

"ಎರಡು ದಿನ," ಅಂದ ಮುರ್ತಜಾ. "ಆಮೇಲೆ ನಮ್ಮ ನೋನೋ ಊರಿಗೆ ಇಳೀತಾನೆ."

ಹುಲಿಗೆಮ್ಮ ಕೆಳಗೆ ನೋಡಿದಳು. ಬಾರ್ಲಿ ಹೊಲ ಹಣ್ಣಾಗಿ ಕೆಂಪಗಿತ್ತು. ಯಾರದೋ ಮಾಳಿಗೆಯ ಮೇಲೆ ಜರ್ದಾಳು ಒಣಹಾಕಿದ್ದರು. ಎರಡು ದಿನ ಎಂಬ ಮಾತು ತಲೆಯೊಳಗೆ ಇಳಿಯಲೇ ಇಲ್ಲ, ಕಿವಿಯಲ್ಲೇ ಸಿಕ್ಕಿಕೊಂಡು ಕೂತಿತು. ಮೇಲಿನ ಕಚೇರಿಗೆ ಫೋನು ಹಚ್ಚಿದರೆ, ಸಮಿತಿ ಸೋಮವಾರ ಸೇರುತ್ತದೆ, ಅಲ್ಲಿಯವರೆಗೆ ಏನೂ ಮಾಡಬೇಡಿ ಅಂದರು. ಅವತ್ತು ಗುರುವಾರ.

ಮಧ್ಯಾಹ್ನ ಊರಿನವರೆಲ್ಲ ಗುಡ್ಡದ ಮೇಲಿನ ಗೊಂಪಾದ, ಅಂದರೆ ಬೌದ್ಧ ಮಠದ, ಅಂಗಳದಲ್ಲಿ ಸೇರಿದರು. ಹುಲಿಗೆಮ್ಮ ಸುತ್ತಿಬಳಸದೆ ಇದ್ದದ್ದು ಇದ್ದ ಹಾಗೆ ಹೇಳಿದಳು. ಹಿಮ ಇಳಿದರೆ ಜನ ಗುಡ್ಡ ಹತ್ತಿ ಬದುಕಿಕೊಳ್ಳಬಹುದು, ಆದರೆ ಮನೆ, ಹೊಲ, ಮರ, ಕಾಲುವೆ ಒಂದೂ ಉಳಿಯುವುದಿಲ್ಲ. ಕೆಳಗಿಳಿದ ಹಿಮ ಒಂದೇ ಬೇಸಿಗೆಗೆ ಕರಗಿ ಹೋಗುತ್ತದೆ, ಆಮೇಲೆ ನೀರೂ ಇಲ್ಲ. ಇನ್ನೊಂದು ದಾರಿಯಿದೆ. ಬೋಗುಣಿಯ ಪಡುವಣ ಅಂಚು ಬಂಡೆಯಲ್ಲ, ಹಳೆಯ ಹಿಮನದಿ ತಂದು ಸುರಿದ ಕಲ್ಲುಮಣ್ಣಿನ ದಿಬ್ಬ. ಅದನ್ನು ಹದಿನೈದು ಮೀಟರ್ ಆಳಕ್ಕೆ ಸೀಳಿದರೆ ಅಡಿಯ ನೀರು ಆಚೆ ಕಣಿವೆಗೆ ಹೋಗುತ್ತದೆ, ಹಿಮ ನೆಲಕ್ಕೆ ಕೂರಬಹುದು.

"ಕೂರಬಹುದು ಅಂದ್ರೆ?" ಎಂದು ಕೇಳಿದ ಗೋಬಾ, ಊರಿನ ಯಜಮಾನ.

"ಖಾತ್ರಿ ಇಲ್ಲ."

"ನೀರು ಮತ್ತೆ ಈ ಕಡೆ ಬರ್ತದಾ?"

"ಇಲ್ಲ. ಒಮ್ಮೆ ದಿಬ್ಬ ಕೊರೆದ ನೀರನ್ನು ಯಾರೂ ಹಿಂದಕ್ಕೆ ತಿರುಗಿಸೋಕೆ ಆಗಲ್ಲ. ಇನ್ನು ಮೇಲೆ ಕರಗಿದ್ದೆಲ್ಲ ಆಚೆಗೇ." ಅವಳು ಮುರ್ತಜಾನ ಕಡೆ ತಿರುಗಿದಳು. "ತಪ್ಪು ನನ್ನದು. ತಳಕ್ಕೆ ಕಲ್ಲು ಹಾಸೋಣ ಅಂತ ಮುರ್ತಜಾ ಹೇಳಿದ್ದರು. ನಾನು ಬೇಡ ಅಂದೆ."

ಒಬ್ಬ ಹೆಂಗಸು ಸೆರಗಿನಂಥ ಶಾಲನ್ನು ಬಾಯಿಗೆ ಒತ್ತಿಕೊಂಡಳು. ಎಲ್ಲರಿಗಿಂತ ಮೊದಲು ಮಾತಾಡಿದವಳು ಯಾಂಗ್ಡೋಲ್.

"ಆಚೆ ಕಣಿವೆ ನಿಮ್ಸಾ," ಅಂದಳು. "ನನ್ನ ತವರು. ಹಿಮ ಸತ್ತ ಮೇಲೆ ಮೂವತ್ತೊಂದು ವರ್ಷದಿಂದ ಅಲ್ಲಿ ಒಂದು ನರಪಿಳ್ಳೆ ಇಲ್ಲ. ಗೋಡೆಗಳು ನಿಂತಿವೆ. ಬೆಟ್ಟದ ಮೈಮೇಲೆ ಹಳೆಯ ಹಿಮ ಉಜ್ಜಿದ ಗೆರೆ ಇದೆಯಲ್ಲ, ನಮ್ಮ ಹಿರಿಯರು ಅದರ ಕೆಳಗೆ ಮನೆ ಕಟ್ತಿರಲಿಲ್ಲ. ಇಲ್ಲಿ ನಾವು ಕಟ್ಟಿದೆವು." ಹುಲಿಗೆಮ್ಮನ ಕಡೆ ನೋಡದೆಯೇ ಮುಂದುವರಿಸಿದಳು. "ಕಡಿಯಿರಿ. ಎಲ್ಲೋ ಒಂದು ಕಡೆ ನೀರು ಇರಲಿ."

ಗೋಬಾ ಜಪಮಾಲೆಯನ್ನು ಕೊರಳಿಗೆ ಹಾಕಿಕೊಂಡು ಆಗಲಿ ಎಂದ.

ದಿಬ್ಬವನ್ನು ಎಲ್ಲಿ ಸೀಳುವುದು ಎನ್ನುವುದು ಮುಂದಿನ ಪ್ರಶ್ನೆ. ಒಳಗೆ ಮನೆಯಷ್ಟು ದೊಡ್ಡ ಬಂಡೆ ಅಡ್ಡ ಸಿಕ್ಕರೆ ಎರಡು ದಿನವೂ ಅಲ್ಲೇ ಕಳೆದುಹೋಗುತ್ತದೆ. ಸ್ಕ್ಯಾನರ್ ತರಿಸಲು ಸಮಯವಿರಲಿಲ್ಲ. ಯಮನಪ್ಪ ಹೆಗಲ ಮೇಲೆ ಹಾರೆ ಹೊತ್ತು, ಉಸಿರು ಹತ್ತದೆ ಹೆಜ್ಜೆಗೊಮ್ಮೆ ನಿಲ್ಲುತ್ತ ದಿಬ್ಬ ಏರಿದ. ನಾಲ್ಕು ಹೆಜ್ಜೆಗೊಮ್ಮೆ ಹಾರೆ ಊರಿ, ಸುತ್ತಿಗೆಯಿಂದ ತಟ್ಟಿ, ಹಾರೆಯ ತುದಿಗೆ ಕಿವಿಯಿಟ್ಟ. "ಇಲ್ಲಿ ಬಂಡಿ ಐತಿ. ಇಲ್ಲೂ ಐತಿ. ಇದು ಒಡಕ ಬಂಡಿ." ಒಂದು ಗಂಟೆ ಹೀಗೇ ನಡೆದು ಒಂದು ಜಾಗದಲ್ಲಿ ಕೂತೇಬಿಟ್ಟ. "ಇಲ್ಲಿ ಬರೇ ಮಣ್ಣು, ಹಳ್ಳು. ಇಲ್ಲಿ ಹಚ್ರಿ."

ಎರಡು ಜೆಸಿಬಿ ಶುಕ್ರವಾರ ಬೆಳಕು ಹರಿದಾಗ ಶುರುಮಾಡಿ ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಹದಿನೈದು ಮೀಟರ್ ಮುಟ್ಟಿದವು. ಊರಿನವರು ಆಗಲೇ ಗೊಂಪಾ ಸೇರಿದ್ದರು. ಹಿಮ ತೇಲಲು ಇನ್ನೊಂದು ಗೇಣಷ್ಟೇ ಬಾಕಿ, ತೂತಿನ ನೀರು ಮೇಲ್ಮೈಯಿಂದ ಹತ್ತೂ ಚಿಲ್ಲರೆ ಮೀಟರ್‌ಗೆ ಏರಿತ್ತು. ಕೊನೆಯ ಬಕೆಟ್ಟು ಎತ್ತಿದಾಗ ಹಿಮದ ಅಡಿಯಿಂದ ಒಂದು ಕೊಡದಷ್ಟು ನೀರು ಬಂದು, ಸೀಳಿನಲ್ಲಿ ಹೆದರಿದಂತೆ ಹರಿಯಿತು. ಇಷ್ಟೇನಾ ಎಂದು ಡ್ರೈವರ್ ನಕ್ಕ. ಅವನ ನಗು ಮುಗಿಯುವಷ್ಟರಲ್ಲಿ ಹುಲಿಗೆಮ್ಮ ಎಲ್ಲರನ್ನೂ ಎಳೆದುಕೊಂಡು ಪಕ್ಕದ ಬಂಡೆ ಏರಿದ್ದಳು.

ಆಮೇಲೆ ನಡೆದದ್ದನ್ನು ಅಲ್ಲಿದ್ದವರು ಈಗಲೂ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ನೀರು ಮೊದಲು ಕಂದು ಬಣ್ಣಕ್ಕೆ ತಿರುಗಿತು, ಆಮೇಲೆ ಕಪ್ಪಗೆ. ಸೀಳಿನ ಎರಡೂ ದಂಡೆ ಹಸಿ ಬೆಲ್ಲದ ಹಾಗೆ ಕರಗಿ ಬೀಳತೊಡಗಿದವು. ಅರ್ಧ ಗಂಟೆಯಲ್ಲಿ ಜೆಸಿಬಿ ನಿಂತಿದ್ದ ಜಾಗ ಇರಲಿಲ್ಲ. ಒಂದು ಗಂಟೆಯಲ್ಲಿ ಸೀಳು ಅರವತ್ತು ಮೀಟರ್ ಆಳವಾಗಿತ್ತು. ಕಾಲಡಿಯ ಬಂಡೆ ಅದುರುತ್ತಿತ್ತು, ಹಲ್ಲಿನೊಳಗೂ ಆ ಅದುರು ಕೇಳುತ್ತಿತ್ತು. ನಂತರ ಹಿಮವೇ ಹೊರಟಿತು. ಬೋಗುಣಿಯ ಪಡುವಣ ಮಗ್ಗುಲು ಒಂದು ನಿಟ್ಟುಸಿರು ಬಿಟ್ಟು, ಬಿರುಕು ಬಿರುಕಾಗಿ, ನೀರಿನ ಬೆನ್ನು ಹಿಡಿದು ಸೀಳಿಗೆ ನುಗ್ಗಿತು. ಮನುಷ್ಯ ನಡೆಯುವಷ್ಟು ಜೋರು. ದಿಬ್ಬದ ಬಂಡೆಗಳನ್ನು ಬೆನ್ನ ಮೇಲೆ ಹೊತ್ತುಕೊಂಡು, ಅಡಿಯ ಕಲ್ಲನ್ನು ಕಿತ್ತು ಹಾಕುತ್ತ ಹೋಯಿತು. ಎದುರಿಗಿದ್ದ ಗುಡ್ಡದ ಮೂಗು ಇತ್ತು ಇತ್ತು ಅನ್ನುವಷ್ಟರಲ್ಲಿ ಇಲ್ಲವಾಯಿತು.

ಹತ್ತು ಸಾವಿರ ವರ್ಷ ಎಂದು ಹುಲಿಗೆಮ್ಮ ಕರಿಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದಳೋ. ಕಣಿವೆಯೆಂದರೆ ಬಹಳ ಹಿಂದೆ, ಯಾರೂ ಇಲ್ಲದಾಗ ಆಗಿಹೋದ ಸಂಗತಿ ಎಂದೇ ಅವಳು ನಂಬಿದ್ದಳು. ಈಗ ಕಣ್ಣೆದುರೇ, ಮಧ್ಯಾಹ್ನದ ಬಿಸಿಲಲ್ಲಿ, ಒಂದು ಕಣಿವೆ ಆಗುತ್ತಿತ್ತು. ಅವಳ ಬಾಯಿ ತೆರೆದದ್ದು ತೆರೆದೇ ಇತ್ತು. ಮುರ್ತಜಾ ದೇವರ ಹೆಸರು ಹೇಳುತ್ತಿದ್ದ. ಯಮನಪ್ಪ ಮಾತ್ರ ಮಗಳ ಮುಂಗೈಯನ್ನು ಹಿಡಿದುಕೊಂಡು ಕೂತಿದ್ದ. ಸಂಜೆ ನೋಡಿದರೆ ಅಲ್ಲಿ ಅವನ ಐದೂ ಬೆರಳಿನ ಗುರುತು ಮೂಡಿತ್ತು.

ಐದು ಗಂಟೆಗೆ ಬೋಗುಣಿಯೊಳಗಿಂದ ಧಡ್ ಎಂಬ ಒಂದು ಸದ್ದು ಬಂತು. ಉಳಿದರ್ಧ ಹಿಮ ಎಲ್ಲೋ ಕೂತಿತು. ನೆಲದ ಮೇಲೋ, ಇನ್ನೂ ನೀರಿನ ಮೇಲೋ, ಹೇಳಲು ಒಂದು ಸೆನ್ಸರೂ ಉಳಿದಿರಲಿಲ್ಲ.

ಚಿಲ್ಲುಂಗಿಗೆ ಒಂದು ಕಲ್ಲೂ ಬೀಳಲಿಲ್ಲ. ಭಾನುವಾರ ಬೆಳಗ್ಗೆ ಜನ ಇಳಿದು ಬಂದರು. ಮನೆ, ಹೊಲ, ಮಾಳಿಗೆಯ ಜರ್ದಾಳು ಎಲ್ಲ ಇದ್ದ ಹಾಗೇ ಇದ್ದವು. 'ಬದುಕಿದೆವು' ಎಂದು ಯಾರೋ ನಲ್ಲಿ ತಿರುಗಿಸಿದರು. ನಲ್ಲಿ ಉಸಿರು ಬಿಟ್ಟು ಸುಮ್ಮನಾಯಿತು. ಕಾಲುವೆಯ ತಳದಲ್ಲಿ ಒದ್ದೆ ಕಲ್ಲು ಬಿಸಿಲಿಗೆ ಬೆಳ್ಳಗಾಗುತ್ತಿತ್ತು. ಗೊತ್ತಿದ್ದ ಸಂಗತಿಯೇ, ಆದರೂ ಕಣ್ಣಿಂದ ಕಂಡಾಗ ಎಲ್ಲರೂ ಬೆಪ್ಪಾಗಿ ನಿಂತರು.

"ಮನೆ ಉಳಿಸಿದೆ. ನೀರು ಒಯ್ದೆ," ಅಂದ ಗೋಬಾ. "ನಿನಗೆ ಏನು ಹೇಳಬೇಕೋ ನನಗೆ ಗೊತ್ತಾಗ್ತಿಲ್ಲ."

ಹುಲಿಗೆಮ್ಮ ಹೊಸ್ತಿಲ ಮೇಲೆ ಕೂತು ಕೈ ನೋಡಿಕೊಂಡಳು. ಯಾರೂ ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತೇನೋ.

ಮೂರನೆಯ ದಿನ ಬೆಳಗ್ಗೆ ಯಾಂಗ್ಡೋಲ್ ಗಿರಣಿಗೆ ಹೋಗಿ ಮೇಲ್ಗಲ್ಲನ್ನು ಬಿಚ್ಚಿಸಿದಳು. ಯಮನಪ್ಪ ಅದಕ್ಕೆ ಹಗ್ಗ ಬಿಗಿದು ಎರಡು ಉದ್ದನೆಯ ಮರದ ಗಳು ತೂರಿಸಿದ. "ನಿಮ್ಸಾಕ್ಕೆ," ಅಂದಳು ಅವಳು, ಅಷ್ಟೇ. ಮುರ್ತಜಾ ಅವಳ ಮುಖ ನೋಡಿದ, ಕಲ್ಲು ನೋಡಿದ, ಅರ್ಥ ಮಾಡಿಕೊಂಡ.

"ದಾರಿಯಲ್ಲಿ ಮಾತಿಲ್ಲ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. "ನೆಲಕ್ಕೆ ತಾಗಬಾರದು. ಎಲ್ಲಿ ಇಳಿಸ್ತೀವೋ ಅಲ್ಲೇ ಊರು."

ನಾಲ್ವರು ಹೆಗಲು ಕೊಟ್ಟರು. ಮುಂದೆ ಯಾಂಗ್ಡೋಲ್, ಮುರ್ತಜಾ. ಹಿಂದೆ ಗೋಬಾನ ಅಳಿಯ, ಹುಲಿಗೆಮ್ಮ. ಬೆನ್ನಿಗೆ ಇಪ್ಪತ್ತು ಮನೆಯವರು ನಡೆದರು. ಉಳಿದವರು ಬಾಗಿಲಲ್ಲಿ ನಿಂತು ನೋಡಿದರು. ಕಣಿವೆಯ ಹೊಸ ಬಾಯಿ ದಾಟಲಾಗದೆ ಮೇಲಿನ ಕಣಿವೆದಾರಿ ಬಳಸಿ ಹೋಗಬೇಕಾಯಿತು. ಹೆಗಲು ಸುಲಿಯಿತು. ಆಳು ಬದಲಾಗುವಾಗಲೂ ಕಲ್ಲು ಕೆಳಗಿಳಿಯಲಿಲ್ಲ. ಹುಲಿಗೆಮ್ಮ ಮಾತ್ರ ಯಾರಿಗೂ ಜಾಗ ಬಿಡಲಿಲ್ಲ. ಅವಳ ತಲೆಯೊಳಗೆ ಒಂದೇ ಮಾತು ಕೊರೆಯುತ್ತಿತ್ತು: ಅಲ್ಲಿ ನೀರು ತಿಳಿಯಾಗಿದ್ದರೆ? ಹಿಟ್ಟಿದ್ದರೆ ಹಿಮ ನೆಲಕ್ಕೆ ಕೂತಿದೆ, ತಿಳಿಯಾಗಿದ್ದರೆ ಇನ್ನೂ ತೇಲುತ್ತಿದೆ. ಇವತ್ತೋ ನಾಳೆಯೋ ಈ ಕಡೆಗೂ ಇಳಿಯುತ್ತದೆ. ಈ ಕಲ್ಲನ್ನು ಇನ್ನು ಎಲ್ಲಿಗೆ ಹೊರುವುದು?

ಮಧ್ಯಾಹ್ನದ ಹೊತ್ತಿಗೆ ನಿಮ್ಸಾ ಕಂಡಿತು. ಬೆಟ್ಟದ ಗೆರೆಯ ಮೇಲೆ ಹತ್ತಾರು ಮೊಂಡು ಗೋಡೆಗಳು. ಕೆಳಗೆ, ಮೂವತ್ತೊಂದು ವರ್ಷ ಬರೀ ಕಲ್ಲಿದ್ದ ಜಾಗದಲ್ಲಿ, ಒಂದು ಹೊಳೆ. ನೀರು ಕಂದಾಗಿತ್ತು. ಅದು ದಿಬ್ಬದ ಮಣ್ಣಿನ ಬಣ್ಣ. ಅದರಿಂದ ಏನೂ ತಿಳಿಯುವ ಹಾಗಿರಲಿಲ್ಲ. ಯಾಂಗ್ಡೋಲ್ ಒಂದು ಗೋಡೆಯ ಮುಂದೆ ನಿಂತಳು. ಎಲ್ಲರೂ ನಿಂತರು. ಗಳು ಹೆಗಲ ಮೇಲೇ ಇತ್ತು.

ಯಮನಪ್ಪ ಇಳಿದು ಹೊಳೆಗೆ ಹೋದ. ತನ್ನ ಅಲ್ಯೂಮಿನಿಯಂ ಚೊಂಬು ಮುಳುಗಿಸಿ ತುಂಬಿಕೊಂಡು ಕಲ್ಲಿನ ಮೇಲಿಟ್ಟ. ತಾನೂ ಪಕ್ಕದಲ್ಲಿ ಕೂತ. ಮಣ್ಣು ಇಳಿಯಲೆಂದು ಕಾದ. ಬೆವರು ಕಣ್ಣಿಗಿಳಿದರೂ ಹುಲಿಗೆಮ್ಮನಿಗೆ ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಅಪ್ಪಾ ಏನಾತು ಎಂದು ಕೇಳುವಂತಿಲ್ಲ, ಮಾತಿಲ್ಲ. ಕಾಲು ಗಂಟೆ ಆಯಿತು. ಅರ್ಧ ಗಂಟೆ ಆಯಿತು.

ಅವನು ಚೊಂಬು ಬಗ್ಗಿಸಿ ಮೇಲಿನ ನೀರನ್ನು ಮೆಲ್ಲಗೆ ಚೆಲ್ಲಿದ. ತಳದ ರೊಜ್ಜಿನ ಮೇಲ್ಪದರಕ್ಕೆ ಎರಡು ಬೆರಳು ಅದ್ದಿ, ಹೆಬ್ಬೆರಳಿಗೆ ಉಜ್ಜಿದ. ನಾಲಗೆಗೆ ಮುಟ್ಟಿಸಿದ. ಮತ್ತೊಮ್ಮೆ ಉಜ್ಜಿದ. ಎದ್ದು ಗುಡ್ಡ ಹತ್ತಿ, ಏದುಸಿರು ಬಿಡುತ್ತ ಮಗಳ ಮುಂದೆ ಬಂದು ನಿಂತ. ಒದ್ದೆ ಬೆರಳುಗಳನ್ನು ಅವಳ ಕೆನ್ನೆಗೆ ಎಳೆದ.

ಬಿಸಿಲಿಗೆ ಅದು ಒಂದು ನಿಮಿಷದಲ್ಲಿ ಒಣಗಿತು. ಎರಡು ಬಿಳಿ ಗೆರೆ, ಜೋಳದ ಹಿಟ್ಟಿನಷ್ಟು ನುಣ್ಣಗೆ. ಅವಳ ಕಣ್ಣಿನಿಂದ ಇಳಿದ ನೀರು ಅದರಲ್ಲೊಂದನ್ನು ಅಳಿಸಿತು.

"ಇಳಸ್ರಿ," ಅಂದ ಯಮನಪ್ಪ.